ನಾಲ್ಕು ಕಿಲೋಮೀಟರ್ ಆಫೀಸಿಗೆ 21 ಗೇರ್ ಯಾಕೆ?

ಪ್ರಶ್ನೆ: ನನಗೆ 36 ವರ್ಷ. ಎತ್ತರ 5 ಅಡಿ 7 ಇಂಚು, ತೂಕ 80 ಕೆಜಿ. ಮೈಸೂರಿನ ವಿಜಯನಗರ 2ನೇ ಹಂತದಲ್ಲಿ ಮನೆ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಹೋಗೋಕೆ ಸುಮಾರು 4 ಕಿಲೋಮೀಟರ್, ಬರೋಕೆ ಅಷ್ಟೇ. ಸ್ಕೂಟರ್ ಬಿಟ್ಟು ಸೈಕಲ್ ತುಳಿಯೋಣ ಅಂತ ಆಸೆ. ಬಜೆಟ್ 10 ಸಾವಿರ. ಅಂಗಡಿಯಲ್ಲಿ 21 ಗೇರ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಮುಂದೆ ಸಸ್ಪೆನ್ಷನ್ ಇರುವ ಸೈಕಲ್ ತೋರಿಸಿ 9,800 ಅಂದರು. ತಗೊಳ್ಳಲಾ? ಅಕ್ಕನ ಮಗನಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಾ ನಿಂತಿದೆ. ಅದನ್ನು ಗುಜರಿಗೆ ಹಾಕಿಬಿಡಲಾ? ಲ್ಯಾಪ್‌ಟಾಪ್, ಊಟದ ಡಬ್ಬಿ ಎರಡೂ ಒಯ್ಯಬೇಕು. ಸೈಕಲ್ ಮುಟ್ಟಿ 15 ವರ್ಷ ಆಯಿತು.

ಉತ್ತರ: ಆ 9,800ರ ಸೈಕಲ್ ಬೇಡ. ಮೆಟ್ಟಿಲ ಕೆಳಗಿನದನ್ನು ಗುಜರಿಗೆ ಹಾಕಲೂ ಬೇಡಿ. ಉತ್ತರ ಇಷ್ಟೇ. ಆದರೆ ಯಾಕೆ ಅಂತ ಹೇಳದೆ ಬಿಟ್ಟರೆ, ಮುಂದಿನ ಭಾನುವಾರ ಅಂಗಡಿಯವನು ಅದೇ ಸೈಕಲ್ ತಂದು ನಿಲ್ಲಿಸಿ "ಡಬಲ್ ಡಿಸ್ಕ್ ಸರ್" ಅಂದ ಕೂಡಲೇ ನೀವು ಮೆತ್ತಗಾಗುತ್ತೀರಿ. 22 ವರ್ಷ ರಿಪೇರಿ ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಹಾಗೆ ಕೊಂಡ ಸೈಕಲ್‌ಗಳು ಆರು ತಿಂಗಳಿಗೆ ನನ್ನ ಹತ್ತಿರ ಬರುತ್ತವೆ, ವರ್ಷಕ್ಕೆ ಬಾಲ್ಕನಿ ಸೇರುತ್ತವೆ.

10 ಸಾವಿರದೊಳಗೆ ಒಂದು ಕಂಪನಿ ಸೈಕಲ್ ಮಾಡಿ, ಲಾರಿಗೆ ಹಾಕಿ, ಅಂಗಡಿಯವನಿಗೂ ಲಾಭ ಬಿಟ್ಟು ಮಾರಬೇಕು. ಆ ದುಡ್ಡಿನಲ್ಲೇ ಮುಂದೆ ಮೂರು, ಹಿಂದೆ ಏಳು ಹಲ್ಲಿನ ಚಕ್ರ ಸೇರಿ 21 ಗೇರು, ಎರಡು ಡಿಸ್ಕ್, ಮುಂದಿನ ಚಕ್ರ ಹಿಡಿಯೋಕೆ ಒಂದು ಸಸ್ಪೆನ್ಷನ್ ಫೋರ್ಕ್ ಕೂರಿಸಿದ ಮೇಲೆ ಕಣ್ಣಿಗೆ ಕಾಣದ ಜಾಗಗಳಿಗೆ ಏನು ಉಳಿಯುತ್ತದೆ? ಚಕ್ರದ ನಡುವಿನ ಹಬ್ಬಿನ ಬೇರಿಂಗ್, ಪೆಡಲ್ಲಿನ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್, ಸ್ಪೋಕ್, ರಿಮ್ಮು. ಕಡಿತ ಆಗುವುದು ಅಲ್ಲೇ. ಅದೇ ದುಡ್ಡಿಗೆ ಗೇರ್ ಇಲ್ಲದ ಸೈಕಲ್ ಕೊಂಡರೆ ಈ ಭಾಗಗಳು ಒಂದು ಮಟ್ಟ ಮೇಲಿನವು ಸಿಗುತ್ತವೆ. ದಿನಾ 80 ಕೆಜಿ ಹೊತ್ತು ಓಡುವುದು ಈ ಭಾಗಗಳೇ ಅಲ್ವಾ?

ಗೇರ್ ವಿಷಯ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗೇರ್ ಇಲ್ಲದ ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲ್ ಪಕ್ಕದ ಹಲ್ಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಹಲ್ಲಿನ ಚಕ್ರಕ್ಕೆ, ಅಂದರೆ ಫ್ರೀವೀಲ್‌ಗೆ, 18 ಹಲ್ಲು ಅಂತ ಇಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 26 ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಹೋಗುತ್ತದೆ. ಅಂದರೆ ಪೆಡಲ್ಲಿನ ಒಂದು ಸುತ್ತಿಗೆ 5 ಮೀಟರ್. ನಿಮಿಷಕ್ಕೆ 60 ಸುತ್ತು, ಅಂದರೆ ಸೆಕೆಂಡಿಗೊಂದು, ಆರಾಮಾಗಿ ತುಳಿದರೆ ನಿಮಿಷಕ್ಕೆ 300 ಮೀಟರ್. ಗಂಟೆಗೆ 18 ಕಿಲೋಮೀಟರ್. ಸಿಗ್ನಲ್ಲು, ಹಂಪು, ನಾಯಿ, ಹಸು ಎಲ್ಲಾ ಕಳೆದು 15 ಅಂತ ಹಿಡಿದರೂ ನಿಮ್ಮ 4 ಕಿಲೋಮೀಟರಿಗೆ 16 ನಿಮಿಷ. ಇದಕ್ಕಿಂತ ಜೋರಾಗಿ ಹೋಗಿ ಬೆವರಿಳಿಸಿಕೊಂಡು ಆಫೀಸಿನೊಳಗೆ ಕಾಲಿಡುವ ಅಗತ್ಯ ನಿಮಗಿಲ್ಲ. ಹಾಗಾಗಿ ವೇಗದ ಗೇರು ಬೇಕಿಲ್ಲ. ದಾರಿಯಲ್ಲಿ ಚಾಮುಂಡಿ ಬೆಟ್ಟವೂ ಇಲ್ಲ, ಹಾಗಾಗಿ ಏರು ಹತ್ತುವ ಹಗುರ ಗೇರೂ ಬೇಕಿಲ್ಲ. ಸಣ್ಣಪುಟ್ಟ ಏರಿಗೆ ಸೀಟಿನಿಂದ ಎದ್ದು ನಾಲ್ಕು ಸಲ ತುಳಿದರೆ ಸಾಕು. ನಿಮ್ಮ ದೂರ 8–10 ಕಿಲೋಮೀಟರ್ ಇದ್ದಿದ್ದರೆ, ದಾರಿಯಲ್ಲಿ ಉದ್ದನೆಯ ಏರು ಇದ್ದಿದ್ದರೆ, ಅಥವಾ ನಿಮಗೆ ಮಂಡಿ ನೋವಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಆಗಲೂ ಮುಂದೆ ಒಂದೇ ಹಲ್ಲಿನ ಚಕ್ರ, ಹಿಂದೆ ಏಳು ಗೇರ್ ಇರುವ ಸೈಕಲ್ ಸಾಕು ಅನ್ನುತ್ತಿದ್ದೆ. 21 ಗೇರಿನಲ್ಲಿ ಅರ್ಧದಷ್ಟು ಹೆಚ್ಚುಕಮ್ಮಿ ಒಂದೇ ಹದದವು. ಜನ ದಿನಾ ಬಳಸುವುದು ಎರಡೋ ಮೂರೋ.

ಇನ್ನು ಸಸ್ಪೆನ್ಷನ್. ಈ ಬೆಲೆಯ ಫೋರ್ಕಿನೊಳಗೆ ಇರುವುದು ಒಂದು ಸ್ಪ್ರಿಂಗು, ಅಷ್ಟೇ. ಕುಣಿತ ತಡೆಯುವ ಎಣ್ಣೆಯ ವ್ಯವಸ್ಥೆ ಇರುವುದಿಲ್ಲ. ನೀವು ಎದ್ದು ನಿಂತು ತುಳಿದಾಗ ಸೈಕಲ್ ಮುಂದೆ ಹೋಗುವ ಬದಲು ಬಸ್ಕಿ ಹೊಡೆಯುತ್ತದೆ. ನಿಮ್ಮ ಶಕ್ತಿ ಸ್ಪ್ರಿಂಗಿಗೆ ಹೋಯಿತು. ಮೇಲಿಂದ ಒಂದು, ಒಂದೂವರೆ ಕೆಜಿ ಭಾರ ಬೇರೆ. ಎರಡು ಮಳೆಗಾಲ ಕಳೆದ ಮೇಲೆ ಒಳಗೆ ತುಕ್ಕು ಹಿಡಿದು ಆ ಸ್ಪ್ರಿಂಗೂ ಆಡುವುದಿಲ್ಲ. ಆಗ ಅದು ಮಾಮೂಲಿ ಫೋರ್ಕ್, ಬರೀ ಭಾರದ್ದು. ನಮ್ಮ ರಸ್ತೆಗಳ ಗುಂಡಿಗೆ ಒಳ್ಳೆ ಸಸ್ಪೆನ್ಷನ್ ಅಂದರೆ ದಪ್ಪ ಟೈರು. 1.75ರಿಂದ 2 ಇಂಚು ಅಗಲದ, ನಡುವೆ ನಯವಾಗಿರುವ ಟೈರ್ ಹಾಕಿಸಿ, ಟೈರಿನ ಪಕ್ಕದಲ್ಲೇ ಅಚ್ಚಾಗಿರುವ ಒತ್ತಡದ ಮಿತಿಯೊಳಗೆ ಗಾಳಿ ಇಡಿ. ಗಾಳಿ ತೀರಾ ಕಡಿಮೆ ಇದ್ದರೆ ಗುಂಡಿಗೆ ಬಿದ್ದಾಗ ರಿಮ್ಮಿಗೂ ನೆಲಕ್ಕೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತದೆ. ಪಂಕ್ಚರ್ ಹಾಕುವವನು ಮೊಳೆ ಹುಡುಕಿ ಹುಡುಕಿ ಸುಸ್ತಾಗುತ್ತಾನೆ. ಮೊಳೆ ಇರುವುದೇ ಇಲ್ಲ.

ಡಿಸ್ಕ್ ಬ್ರೇಕನ್ನು ನಾನು ಪೂರ್ತಿ ಬೈಯುವುದಿಲ್ಲ. ಮಳೆಯಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಅಗ್ಗದ ಡಿಸ್ಕ್ ಅಂದರೆ ತೆಳ್ಳನೆ ತಟ್ಟೆ. ಆಫೀಸಿನ ಸ್ಟ್ಯಾಂಡಿನಲ್ಲಿ ಪಕ್ಕದ ಬೈಕಿನವನು ಸ್ವಲ್ಪ ತಳ್ಳಿದರೂ ಬೆಂಡಾಗುತ್ತದೆ. ಆಮೇಲೆ ಪ್ರತಿ ಸುತ್ತಿಗೂ "ಶಿಕ್, ಶಿಕ್" ಅಂತ ಉಜ್ಜುವ ಸದ್ದು. ಅದರ ಪ್ಯಾಡ್ ಮೂಲೆ ಅಂಗಡಿಯಲ್ಲಿ ಸಿಗುವುದಿಲ್ಲ. ರಿಮ್ಮನ್ನು ಹಿಡಿಯುವ ವಿ-ಬ್ರೇಕ್ ಆದರೆ ಅದರ ರಬ್ಬರ್ ಶೂ ಎಲ್ಲಿ ಬೇಕಾದರೂ ಸಿಗುತ್ತದೆ, ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ಒಂದೇ ಷರತ್ತು, ರಿಮ್ ಅಲಾಯ್ ಇರಲಿ. ಹಳೇ ಸೈಕಲ್ಲಿನ ಹೊಳೆಯುವ ಸ್ಟೀಲ್ ರಿಮ್ ಒದ್ದೆಯಾದರೆ ರಬ್ಬರ್ ಶೂ ಜಾರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲುವುದೋ ಬಿಡುವುದೋ ಎಂದು ಸೈಕಲ್ಲೇ ತೀರ್ಮಾನ ಮಾಡುತ್ತದೆ.

ನಿಮಗೆ ತೋರಿಸಿದ ಸೈಕಲ್ಲಿನಲ್ಲಿ ಏನೇನು ಇರಲಿಲ್ಲ ಅಂತ ನೋಡಿದಿರಾ? ಮಡ್‌ಗಾರ್ಡ್, ಕ್ಯಾರಿಯರ್, ಚೈನ್ ಕವರ್, ಬೆಲ್ಲು ಯಾವುದೂ ಇರುವುದಿಲ್ಲ ಅಂತ ನೋಡದೆಯೇ ಹೇಳುತ್ತೇನೆ. ಎಲ್ಲಕ್ಕೂ ಬೇರೆ ಬಿಲ್ಲು. ಡಿಸ್ಕ್ ಇರುವ ಸೈಕಲ್ಲಿಗೆ ಮಾಮೂಲಿ ಕ್ಯಾರಿಯರ್ ಸರಿಯಾಗಿ ಕೂರುವುದೂ ಕಷ್ಟ. ಆಗ ಲ್ಯಾಪ್‌ಟಾಪ್ ಬ್ಯಾಗ್ ಬೆನ್ನಿಗೇ ಬರುತ್ತದೆ. 16 ನಿಮಿಷದಲ್ಲಿ ಬೆವರುವುದು ಕಾಲಲ್ಲ, ಆ ಬ್ಯಾಗಿನ ಕೆಳಗಿನ ಬೆನ್ನು. ಮೈಸೂರಿನ ಮಳೆ ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರು, ಅದೂ ಹೆಚ್ಚಾಗಿ ಸಂಜೆ ಹೊತ್ತು, ಸರಿಯಾಗಿ ನೀವು ಮನೆಗೆ ಹೊರಡುವಾಗ. ಮಡ್‌ಗಾರ್ಡ್ ಇಲ್ಲದ ಸೈಕಲ್ ಹಿಂದಿನ ಚಕ್ರದಿಂದ ಎತ್ತಿದ ಕೆಸರನ್ನು ಬೆನ್ನಿನ ಮೇಲೆ ಉದ್ದಕ್ಕೆ ಒಂದು ನಾಮ ಎಳೆಯುತ್ತದೆ. ನನ್ನ ಪ್ರಕಾರ ಆಫೀಸಿಗೆ ಹೋಗುವ ಸೈಕಲ್ಲಿಗೆ ಮಡ್‌ಗಾರ್ಡ್, ಗೇರಿಗಿಂತ ದೊಡ್ಡ ವಸ್ತು.

ಈಗ ಮೆಟ್ಟಿಲ ಕೆಳಗಿನ ಸೈಕಲ್. ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ನಮ್ಮಲ್ಲಿ 2006-07ರಲ್ಲಿ ಶುರುವಾಯಿತು. ಆ ಸೈಕಲ್‌ಗಳನ್ನು ನೂರಾರು ರಿಪೇರಿ ಮಾಡಿದ್ದೇನೆ. ಬಣ್ಣ ಬೇಗ ಹೋಗುತ್ತದೆ, ಸೀಟು ಕೆಟ್ಟದ್ದು, ಟೈರ್ ಸುಮಾರು. ಆದರೆ ಫ್ರೇಮ್ ಸ್ಟೀಲು, ಫೋರ್ಕ್ ಗಟ್ಟಿ, ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಅದರಲ್ಲೇ ಇವೆ. ನಿಮಗೆ ಬೇಕಾದ್ದೆಲ್ಲ ಮೆಟ್ಟಿಲ ಕೆಳಗೇ ಇದೆ, ಬರೀ ಧೂಳು ಹಿಡಿದಿದೆ. ಹೊರಗೆ ತನ್ನಿ. ತಲೆಕೆಳಗಾಗಿ ನಿಲ್ಲಿಸಿ. ಫ್ರೇಮಿನ ಜೋಡಣೆಗಳಲ್ಲಿ ಬಿರುಕು ಇದೆಯಾ ನೋಡಿ, ಮುಖ್ಯವಾಗಿ ಹ್ಯಾಂಡಲ್ ಕೆಳಗೆ ಎರಡು ಪೈಪು ಸೇರುವಲ್ಲಿ. ಬಣ್ಣದ ಮೇಲಿನ ಗೀರು ಬೇರೆ, ಬಿರುಕು ಬೇರೆ. ಉಗುರು ಸಿಕ್ಕಿಕೊಂಡರೆ ಅದು ಬಿರುಕು, ಆಗ ಮಾತ್ರ ಗುಜರಿ. ಇಲ್ಲದಿದ್ದರೆ ಓವರಾಯಿಲಿಂಗ್ ಮಾಡಿಸಿ. ಎರಡು ಟೈರು, ಎರಡು ಟ್ಯೂಬು, ಬ್ರೇಕ್ ಶೂ, ಕೇಬಲ್ಲು, ಚೈನು, ಬೇರಿಂಗ್ ಗುಂಡು, ಗ್ರೀಸು, ಕೂಲಿ ಎಲ್ಲಾ ಸೇರಿ ಹೆಚ್ಚುಕಮ್ಮಿ ಎರಡು ಸಾವಿರದೊಳಗೆ ಮುಗಿಯುತ್ತದೆ.

ಟೈರ್ ತರುವಾಗ ಹುಷಾರು. "26 ಇಂಚಿನ ಟೈರ್ ಕೊಡಿ" ಅಂದರೆ ಅರ್ಧ ಸಲ ತಪ್ಪು ಟೈರ್ ಸಿಗುತ್ತದೆ. 26 ಅಂತಲೇ ಕರೆಯುವ ಕನಿಷ್ಠ ಎರಡು ಅಳತೆ ನಮ್ಮಲ್ಲಿ ಓಡುತ್ತಿವೆ. 26 × 1 3/8 ಅಂತ ಭಿನ್ನರಾಶಿಯಲ್ಲಿ ಬರೆದಿರುವುದರ ರಿಮ್ಮಿನ ಅಳತೆ 590 ಮಿಲಿಮೀಟರ್. 26 × 1.95 ಅಂತ ದಶಮಾಂಶದಲ್ಲಿ ಬರೆದಿರುವುದರದ್ದು 559. ಮೂರು ಸೆಂಟಿಮೀಟರ್ ವ್ಯತ್ಯಾಸ. ಒಂದರ ಟೈರ್ ಇನ್ನೊಂದಕ್ಕೆ ಯಾವ ಜನ್ಮಕ್ಕೂ ಕೂರುವುದಿಲ್ಲ. ಹಳೇ ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಮೊಬೈಲಲ್ಲಿ ಫೋಟೊ ತೆಗೆದುಕೊಂಡು ಹೋಗಿ.

ಚೈನ್ ಸವೆದಿದೆಯಾ ಅಂತ ನೀವೇ ನೋಡಬಹುದು, ಮಕ್ಕಳ ಸ್ಕೇಲ್ ಸಾಕು. ಸೈಕಲ್ ಚೈನಿನ ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಅದು 12ರ ಮೇಲೆ ಅರೆಪಾವು ಇಂಚು, ಅಂದರೆ ಇಂಚಿನ ಎಂಟನೇ ಒಂದು ಭಾಗ ದಾಟಿದ್ದರೆ ಚೈನ್ ಹಿಗ್ಗಿ ಹೋಗಿದೆ. ಹಾಗೇ ಬಿಟ್ಟರೆ ಫ್ರೀವೀಲಿನ ಹಲ್ಲನ್ನೂ ತಿನ್ನುತ್ತದೆ. ಆಮೇಲೆ ದಯವಿಟ್ಟು ಚೈನಿಗೆ ಸ್ಕೂಟರಿನ ಕರೀ ಎಂಜಿನ್ ಆಯಿಲ್ ಹಾಕಬೇಡಿ. ಅದರಲ್ಲಿ ಲೋಹದ ಪುಡಿ, ಮಸಿ ಎರಡೂ ಇರುತ್ತದೆ. ಪ್ಯಾಂಟೂ ಹಾಳು, ಚೈನೂ ಹಾಳು.

ಈ ಸೈಕಲ್ಲನ್ನು ಆರು ವಾರ ಓಡಿಸಿ. ಆರು ವಾರ ಯಾಕೆ ಅಂದರೆ, ಮೊದಲ ವಾರ ಉತ್ಸಾಹ, ಎರಡನೇ ವಾರ ಕುಂಡೆ ನೋವು, ಮೂರನೇ ವಾರ ಮಳೆ ಅಥವಾ ಸೋಮಾರಿತನ. ಅದು ದಾಟಿದವರು ಸೈಕಲ್ ಬಿಡುವುದಿಲ್ಲ. ಈ ಪರೀಕ್ಷೆಗೆ ಹತ್ತು ಸಾವಿರ ಸುರಿಯಬೇಕಾಗಿಲ್ಲ. ಜೊತೆಗೆ, ಆರು ವಾರದಲ್ಲಿ ನಿಮಗೇ ಗೊತ್ತಾಗುತ್ತದೆ ನಿಮ್ಮ ದಾರಿಗೆ ಏನು ಕಮ್ಮಿ ಅಂತ. ಆಗ ಅಂಗಡಿಗೆ ಹೋದರೆ ಕೇಳುವವರು ನೀವು, ಹೇಳಿಸಿಕೊಳ್ಳುವವನು ಅವನು.

ಹುಡುಗನ ಸೈಕಲ್ ನಿಮಗೆ ಚಿಕ್ಕದಾಗಬಹುದು ಅನ್ನುವ ಅನುಮಾನ ಇದೆಯಾ? ಸೀಟನ್ನು ಸರಿಯಾದ ಎತ್ತರಕ್ಕೆ ಏರಿಸಿ ನೋಡಿ. ಅದಕ್ಕೊಂದು ಹಳೇ ಉಪಾಯ. ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಪೆಡಲ್ಲನ್ನು ತೀರಾ ಕೆಳಗೆ ತನ್ನಿ. ಹಿಮ್ಮಡಿಯನ್ನು ಅದರ ಮೇಲೆ ಇಡಿ. ಕಾಲು ಆಗ ನೇರವಾಗಬೇಕು. ಪಾದದ ಮುಂಭಾಗ ಇಟ್ಟು ತುಳಿದಾಗ ಮಂಡಿ ಸ್ವಲ್ಪ ಮಡಚಿರುತ್ತದೆ, ಅದೇ ಸರಿ. ನಮ್ಮಲ್ಲಿ ಹತ್ತರಲ್ಲಿ ಎಂಟು ಜನ ಸೀಟನ್ನು ತುಂಬ ಕೆಳಗಿಟ್ಟು, ಮಂಡಿ ಎದೆಗೆ ಬಡಿಯುವ ಹಾಗೆ ತುಳಿದು, "ಸೈಕಲ್ ಭಾರ ಮಾರಾಯ್ರೇ" ಅನ್ನುತ್ತಾರೆ. ಸೀಟ್ ಕಂಬವನ್ನು ಅದರ ಮೇಲಿನ ಗುರುತು ದಾಟಿ ಎಳೆಯಬೇಡಿ. ಗುರುತು ಬಂದರೂ ಕಾಲು ಮಡಚಿಯೇ ಇದ್ದರೆ ಇನ್ನೂ ಉದ್ದದ ಕಂಬ ಸಿಗುತ್ತದೆ, ನೂರಿನ್ನೂರು ರೂಪಾಯಿ ಅಷ್ಟೇ. ಹ್ಯಾಂಡಲ್ ತೀರಾ ಹತ್ತಿರ ಅನಿಸಿ ಮೊಣಕೈ ಹೊಟ್ಟೆಗೆ ತಾಗಿದರೆ ಮಾತ್ರ ಫ್ರೇಮೇ ಚಿಕ್ಕದು. ಅದಕ್ಕೆ ಮದ್ದಿಲ್ಲ, ಹೊಸದು ಕೊಳ್ಳಿ.

ಹೊಸದು ಅಂತಾದರೆ ಅಂಗಡಿಯಲ್ಲಿ ಹೀಗೆ ಕೇಳಿ: ಗೇರ್ ಇಲ್ಲದ್ದು, ಮುಂದೆ ಗಟ್ಟಿ ಫೋರ್ಕು, ಅಲಾಯ್ ರಿಮ್ಮು, ವಿ-ಬ್ರೇಕು, ಪೂರ್ತಿ ಮಡ್‌ಗಾರ್ಡು, ಕ್ಯಾರಿಯರ್ರು. ನಿಮ್ಮ ಎತ್ತರಕ್ಕೆ 18 ಇಂಚಿನ ಆಸುಪಾಸಿನ ಫ್ರೇಮ್ ಸರಿ. ಹೀರೋ, ಹರ್ಕ್ಯುಲಸ್, ಬಿಎಸ್‌ಎ, ಏವನ್ ಯಾವುದಾದರೂ ಆಗಬಹುದು. ಈ ಮಟ್ಟದಲ್ಲಿ ಹೆಸರಿಗಿಂತ ಜೋಡಿಸುವ ಕೈ ಮುಖ್ಯ. ಆರರಿಂದ ಏಳೂವರೆ ಸಾವಿರದೊಳಗೆ ಸಿಗುತ್ತದೆ. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿ, ಹಳೇ ದರದಲ್ಲಿ ಹೇಳಿದರೆ ಸುಮ್ನೆ ಕೇಳಿಸಿಕೊಂಡು ಬರಬೇಡಿ.

ಕರೀ ದೊಡ್ಡ ಸೈಕಲ್, ಅದೇ 28 ಇಂಚಿನ ಹಾಲಿನವರ ಸೈಕಲ್ ಬಗ್ಗೆಯೂ ಕೆಲವರು ಕೇಳುತ್ತಾರೆ. ನನಗೆ ಅದರ ಮೇಲೆ ಮೋಹ ಇದೆ, ಒಪ್ಪಿಕೊಳ್ಳುತ್ತೇನೆ. ಒಳಪೆಡ್ಲು ತುಳಿದು ಕಲಿತವನು ನಾನು. ದೆಹಲಿ ಹತ್ತಿರದ ಸಾಹಿಬಾಬಾದಿನ ಅಟ್ಲಾಸ್ ಸೈಕಲ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿದಾಗ ಮನಸ್ಸು ಸಪ್ಪಗಾಗಿತ್ತು. ಆದರೆ ಅಟ್ಲಾಸಿಗೆ ಬೇಕಾದ ಬೇರಿಂಗ್ ಕಪ್, ಕೋನ್, ಪೆಡಲ್ ತೋಳು ಬಿಗಿಯುವ ಕಾಟರ್ ಪಿನ್ನು ಇವತ್ತಿಗೂ ಸಿಗುತ್ತವೆ. ಯಾವ ಕಂಪನಿಯ ಕರೀ ಸೈಕಲ್ಲಾದರೂ ಅಳತೆ ಹೆಚ್ಚುಕಮ್ಮಿ ಒಂದೇ. ಅದರ ಗುಟ್ಟೇ ಅದು. ಆದರೂ ನಿಮಗೆ ಅದನ್ನು ತಗೊಳ್ಳಿ ಅಂತ ಹೇಳುವುದಿಲ್ಲ. 20 ಕೆಜಿ ಆಸುಪಾಸಿನ ಭಾರ, ಸ್ಟೀಲ್ ರಿಮ್ಮು, ಸರಳಿನ ಬ್ರೇಕು. 15 ವರ್ಷದ ನಂತರ ಟ್ರಾಫಿಕ್ಕಿಗೆ ಇಳಿಯುವವರಿಗೆ ಅದು ಮೊದಲ ಸೈಕಲ್ ಅಲ್ಲ. ಇನ್ನು ಬ್ಯಾಟರಿ ಸೈಕಲ್ ಒಳ್ಳೆಯದೇ, ಆದರೆ ನಿಮ್ಮ ಬಜೆಟ್ಟಿನ ಎರಡು-ಮೂರು ಪಟ್ಟು. ನಾಲ್ಕು ಕಿಲೋಮೀಟರಿಗೆ ಬೇಡ.

ಹೊಸ ಸೈಕಲ್ ಅಂಗಡಿಗೆ ಬರುವುದು ಡಬ್ಬದಲ್ಲಿ, ಅರೆಬರೆ ಜೋಡಿಸಿದ ಸ್ಥಿತಿಯಲ್ಲಿ. ಹ್ಯಾಂಡಲ್ಲು, ಮುಂದಿನ ಚಕ್ರ, ಪೆಡಲ್ಲು, ಬ್ರೇಕು ಅಂಗಡಿಯಲ್ಲೇ ಕೂರಬೇಕು. ಹಬ್ಬದ ಸಂಜೆ ನೂಕುನುಗ್ಗಲಿನಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಅಂತ ಊಹಿಸಿಕೊಳ್ಳಿ. ಎರಡು ವರ್ಷದ ಹಿಂದೆ ಒಬ್ಬರು ಐದೇ ದಿನದ ಸೈಕಲ್ ತಳ್ಳಿಕೊಂಡು ಬಂದರು, ಎಡಗಡೆ ಪೆಡಲ್ ಕೈಯಲ್ಲಿ. ಎಡ ಪೆಡಲ್ಲಿನ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ ಇರುತ್ತದೆ. ಜೋಡಿಸಿದ ಹುಡುಗ ಬಲದ್ದನ್ನು ತಂದು ಎಡಕ್ಕೆ ಬಲವಂತವಾಗಿ ತಿರುಗಿಸಿದ್ದ. ಪೆಡಲ್ ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ, ತೂತಿನಲ್ಲಿದ್ದ ಮರೆ ಪೂರ್ತಿ ಕಿತ್ತು, ಒಳಗೆ ಚಕ್ಕುಲಿ ಮುರಿದ ಹಾಗೆ ಲೋಹದ ಸುರುಳಿ. ಕ್ರ್ಯಾಂಕೇ ಬದಲಾಯಿಸಬೇಕಾಯಿತು. ರಸ್ತೆ ನಡುವೆ ಕಾಲು ಜಾರಿ ಬೀಳದಿದ್ದದ್ದು ಅವರ ಪುಣ್ಯ. ನೀವು ತರುವ ಮುಂಚೆ ಪೆಡಲ್ ತುದಿಯಲ್ಲಿ ಬಲಕ್ಕೆ ಆರ್, ಎಡಕ್ಕೆ ಎಲ್ ಅಕ್ಷರ ಇದೆಯಾ ನೋಡಿ. ಸ್ಪ್ಯಾನರ್ ಮೇಲ್ಮುಖವಾಗಿ ಇಟ್ಟು ಮುಂದಿನ ಚಕ್ರದ ಕಡೆ ಎಳೆದರೆ ಎರಡೂ ಪೆಡಲ್ ಬಿಗಿಯಾಗುತ್ತವೆ, ಅಷ್ಟು ನೆನಪಿದ್ದರೆ ಸಾಕು. ಆಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಆಡಿಸಿ. ಹ್ಯಾಂಡಲ್ ಬುಡದಲ್ಲಿ "ಟಕ್" ಅಂದರೆ ಅಲ್ಲೇ ಬಿಗಿ ಮಾಡಿಸಿ. ಫೋರ್ಕ್ ಹಿಂದುಮುಂದಾಗಿ ಕೂರಿಸಿದ ಸೈಕಲ್‌ಗಳನ್ನೂ ನೋಡಿದ್ದೇನೆ. ಮುಂದಿನ ವಿ-ಬ್ರೇಕ್ ಫೋರ್ಕಿನ ಮುಂಭಾಗದಲ್ಲೇ ಇರಬೇಕು. ಹಿಂದೆ, ಸವಾರನ ಕಡೆ ಕಂಡರೆ ತೆಗೆದುಕೊಳ್ಳಲೇಬೇಡಿ.

ಉಳಿದ ದುಡ್ಡಿನಲ್ಲಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಒಳ್ಳೆ ದಪ್ಪ ಚೈನ್ ಲಾಕು, ಒಂದು ಪಂಪು. ಸಂಜೆ ಆರೂವರೆ ಮೇಲೆ ಬರುವವರಾದರೆ ಹಿಂದಿನ ಕೆಂಪು ದೀಪ ಮೊದಲು ಕೊಳ್ಳಿ, ಉಳಿದದ್ದು ಆಮೇಲೆ. ಲಾಕನ್ನು ಬರೀ ಚಕ್ರಕ್ಕೆ ಹಾಕಬೇಡಿ. ಫ್ರೇಮು, ಹಿಂದಿನ ಚಕ್ರ ಎರಡನ್ನೂ ಸೇರಿಸಿ ಕಂಬಕ್ಕೆ ಬಿಗಿಯಿರಿ. ಲ್ಯಾಪ್‌ಟಾಪ್ ಬ್ಯಾಗನ್ನು ಕ್ಯಾರಿಯರಿಗೆ ಹಳೇ ಟ್ಯೂಬಿನ ಪಟ್ಟಿಯಿಂದ ಕಟ್ಟಿ, ಕೆಳಗೊಂದು ಮಡಚಿದ ಟವೆಲ್ ಇರಲಿ. ಬಲಗಾಲಿನ ಪ್ಯಾಂಟ್ ಮಡಚುವುದು ಮರೆಯಬೇಡಿ, ಅದನ್ನು ಚೈನೇ ಒಂದು ಸಲ ನೆನಪಿಸುತ್ತದೆ.

ಪೆಟ್ರೋಲ್ ಉಳಿತಾಯದ ಆಸೆ ಇದ್ದರೆ ನಿಜ ಲೆಕ್ಕ ಹೇಳಿಬಿಡುತ್ತೇನೆ. ಸ್ಕೂಟರ್ ಲೀಟರಿಗೆ 45 ಕೊಟ್ಟರೆ, ಪೆಟ್ರೋಲ್ ನೂರು ರೂಪಾಯಿ ಅಂತ ಹಿಡಿದರೆ, ದಿನಕ್ಕೆ 8 ಕಿಲೋಮೀಟರಿಗೆ 18 ರೂಪಾಯಿ. ತಿಂಗಳಿಗೆ 25 ದಿನಕ್ಕೆ 450. ಆ 9,800ರ ಸೈಕಲ್ ಇದರಲ್ಲಿ ತೀರಲು 22 ತಿಂಗಳು ಬೇಕು, ಅದೂ ಮಡ್‌ಗಾರ್ಡ್, ಕ್ಯಾರಿಯರ್ ದುಡ್ಡು ಸೇರಿಸದೆ. ಅಕ್ಕನ ಮಗನ ಸೈಕಲ್ಲಿಗೆ ಎರಡು ಸಾವಿರ ಹಾಕಿದರೆ ಐದನೇ ತಿಂಗಳಿಗೆ ವಾಪಸ್.

ಹಳೆಯದಾಗಲಿ ಹೊಸದಾಗಲಿ, 100 ಕಿಲೋಮೀಟರ್ ಆದ ಮೇಲೆ ಒಂದು ಸಲ ಅಂಗಡಿಗೆ ಒಯ್ಯಿರಿ. ನಿಮ್ಮ ಓಡಾಟಕ್ಕೆ ಅದು ಹದಿಮೂರನೇ ದಿನ. ಹೊಸ ಕೇಬಲ್ ಅಷ್ಟರಲ್ಲಿ ಹಿಗ್ಗಿರುತ್ತದೆ, ಸ್ಪೋಕ್ ಸಡಿಲವಾಗಿರುತ್ತದೆ. ಕಾಲು ಗಂಟೆ ಕೆಲಸ. ಆಗ ಎಡ ಪೆಡಲ್ಲಿಗೂ ಒಂದು ಸ್ಪ್ಯಾನರ್ ಹಾಕಿಸಿ.